ಪ್ರಾಕ್ಸ್‌ಮಾಕ್ಸ್‌ಗೆ ಎಸ್‌ಎಸ್‌ಡಿ ಆರ್ಡರ್ ಹೊಡೆಯೋ ಮುಂಚೆ

ಅಣ್ಣಾ, ಸ್ವಲ್ಪ ತಡೀರಿ. ಒಂದೇ ಅಂಗಡೀಲಿ ಒಂದೇ ಲಾಟಿನ ಎರಡು 1 ಟಿಬಿ ಕ್ಯೂಎಲ್‌ಸಿ (ಒಂದು ಸೆಲ್‌ಗೆ ನಾಲ್ಕು ಬಿಟ್ ತುರುಕೋ ಅಗ್ಗದ ಬಗೆ) ಎಸ್‌ಎಸ್‌ಡಿ ತಂದು, ಜೆಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂನಲ್ಲಿ ಮಿರರ್ (ಎರಡರಲ್ಲೂ ಒಂದೇ ಡೇಟಾ) ಮಾಡಿ, ಮನೆ ಸರ್ವರ್‌ನ ಪ್ರಾಕ್ಸ್‌ಮಾಕ್ಸೂ, ಅದು ಓಡಿಸೋ ವಿಎಂಗಳೂ (ವರ್ಚುವಲ್ ಕಂಪ್ಯೂಟರ್‌ಗಳು) ಅದರ ಮೇಲೇ ಇಡ್ತೀನಿ ಅಂದಿದ್ದೀರಿ. ಮೊದಲು ನನ್ನ ಮನೇಲೂ ಇದ್ದಿದ್ದು ಇದೇ ಸೆಟಪ್.

'ಮನೆ ಸರ್ವರ್‌ನಲ್ಲಿ ಎಷ್ಟು ರೈಟ್ (ಡ್ರೈವ್‌ಗೆ ಬರೆಯೋದು) ಆಗುತ್ತೆ ಬಿಡ್ರಿ' ಅನ್ನಬೇಡಿ. ವಿಎಂ ಒಂದೂ ಓಡದಿದ್ರೂ ಪ್ರಾಕ್ಸ್‌ಮಾಕ್ಸ್ ಲಾಗು, ಗ್ರಾಫು, ಕಾನ್ಫಿಗ್ ಡೇಟಾಬೇಸು ಅಂತ ಬರೀತಾನೇ ಇರುತ್ತೆ, ಎಲ್ಲಾ ಚಿಲ್ಲರೆ ರೈಟು. ಜೆಡ್‌ಎಫ್‌ಎಸ್ ಕೆಳಗೆ ಅದು ಹಲವು ಪಟ್ಟು ಉಬ್ಬುತ್ತೆ. ಸ್ಯಾಮ್‌ಸಂಗ್ 870 ಕ್ಯೂವಿಓ 1 ಟಿಬಿ ತಗೊಳ್ಳಿ: ಕ್ಯಾಶ್ (ಮೊದಲು ವೇಗವಾಗಿ ಬರೆಸಿಕೊಳ್ಳೋ ಜಾಗ) ತುಂಬಿದ ಮೇಲೆ ರೈಟ್ ಸೆಕೆಂಡಿಗೆ 80 ಎಂಬಿ ಅಂತ ಕಂಪನಿಯೇ ಬರ್ಕೊಂಡಿದೆ. ಬಾಳಿಕೆ 360 ಟಿಬಿಡಬ್ಲ್ಯೂ (ಒಟ್ಟು ಇಷ್ಟು ಟಿಬಿ ಬರೆಯಬಹುದು ಅಂತ), ಅದೇ ಸ್ಯಾಮ್‌ಸಂಗ್‌ನ 870 ಇವಿಓ 1 ಟಿಬಿಗೆ 600.

ನನ್ನದು ಬೇರೆ ಬ್ರ್ಯಾಂಡು, ಹೆಸರು ಬೇಡ. ದೊಡ್ಡ ವಿಎಂ ರಿಸ್ಟೋರ್ ಹಾಕಿದ್ರೆ ಐಓ ಡಿಲೇ (ಡ್ರೈವ್‌ಗೆ ಕಾಯೋ ಹೊತ್ತು) ಮೇಲಕ್ಕೇರಿ, ಪಕ್ಕದಲ್ಲಿ ಓಡ್ತಿದ್ದ ಟ್ಯಾಲಿ ವಿಎಂ ಮೌಸೂ ಅಲ್ಲಾಡದಂಗೆ ನಿಲ್ತಿತ್ತು. ಆಮೇಲೆ ಒಂದು ಡ್ರೈವ್ ಪೂಲ್‌ನಿಂದ (ಜೆಡ್‌ಎಫ್‌ಎಸ್ ಜೋಡಿಸಿಟ್ಟ ಗುಂಪು) ಬಿತ್ತು. ಹೊಸದು ಹಾಕಿ ರಿಸಿಲ್ವರ್ (ಉಳಿದ ಡ್ರೈವ್‌ನಿಂದ ಹೊಸದಕ್ಕೆ ಡೇಟಾ ತುಂಬೋದು) ಶುರು ಮಾಡಿದ್ರೆ ಉಳಿದದ್ದೂ ರೀಡ್ ಎರರ್ ಕೊಡೋಕೆ ಹತ್ತಿತು. ಮಿರರ್‌ನಲ್ಲಿ ಎರಡಕ್ಕೂ ಬೀಳೋ ರೈಟ್ ಸಮ, ಹಂಗಾಗಿ ಸವೆಯೋದೂ ಜೊತೇಲೇ. ಬ್ಯಾಕಪ್ ಬೇರೆ ಪೆಟ್ಟಿಗೇಲಿತ್ತು, ಬಚಾವ್.

ಈಗ ಓಡ್ತಿರೋದು ಸೆಕೆಂಡ್ ಹ್ಯಾಂಡ್ ಎಂಟರ್‌ಪ್ರೈಸ್ (ಕಂಪನಿ ಸರ್ವರ್‌ಗೆ ಮಾಡಿದ) ಸಾಟಾ ಎಸ್‌ಎಸ್‌ಡಿ. ಸ್ಯಾಮ್‌ಸಂಗ್ ಪಿಎಂ883, ಇಂಟೆಲ್ ಎಸ್4510, ಮೈಕ್ರಾನ್ 5300, ಯಾವುದು ಸಿಕ್ಕರೂ ಸರಿ. ಪಿಎಲ್‌ಪಿ (ಕರೆಂಟ್ ಹೋದ್ರೂ ಡೇಟಾ ಉಳಿಸೋ ವ್ಯವಸ್ಥೆ) ಇರಲೇಬೇಕು. ಒಳಗೆ ಕೆಪಾಸಿಟರ್ ಇರೋದ್ರಿಂದ ಸಿಂಕ್ ರೈಟ್ (ಬರೆದಾಯ್ತು ಅನ್ನೋವರೆಗೂ ಕಾಯೋ ರೈಟ್) ಬಂದ ಕೂಡಲೇ ಡ್ರೈವ್ 'ಆಯ್ತು' ಅನ್ನುತ್ತೆ, ವೇಗ ಬರೋದೇ ಅಲ್ಲಿ. ಆದ್ರೆ ಪಿಎಲ್‌ಪಿ ಇದೆ ಅಂತ ಯುಪಿಎಸ್ ಬಿಡಬೇಡಿ. ದಾವಣಗೆರೆ ಬೇಸಿಗೇಲಿ ಕರೆಂಟ್ ಹೋಗಿ ಬಂದು ಆಡೋದು ನಿಮಗೇನು ಹೊಸದೇ?

ಹಳೇ ಡ್ರೈವ್ ಕೊಳ್ಳುವಾಗ ಸ್ಮಾರ್ಟ್‌ಸಿಟಿಎಲ್ (ಡ್ರೈವ್ ಎಷ್ಟು ಸವೆದಿದೆ ಅಂತ ತೋರಿಸೋ ಕಮಾಂಡ್) ಔಟ್‌ಪುಟ್ ಕೇಳಿ, ಕೊಡಲ್ಲ ಅಂದ್ರೆ ಮುಂದಿನ ಅಂಗಡಿ. ಅಗ್ಗ ಸಿಕ್ತು ಅಂತ ಎಸ್‌ಎಎಸ್ (ಸರ್ವರ್‌ಗಳ ಬೇರೆ ಕನೆಕ್ಟರ್) ಡ್ರೈವ್ ತಂದ್ರೆ ಸಾಟಾ ಪೋರ್ಟ್‌ಗೆ ಕೂರಲ್ಲ. ಎಂ.2 (ಬೋರ್ಡ್ ಮೇಲೇ ಕೂರೋ ಪಟ್ಟಿಯಂಥ ಎಸ್‌ಎಸ್‌ಡಿ) ಆದ್ರೆ ಎಂಟರ್‌ಪ್ರೈಸ್‌ನಲ್ಲಿ ಬಹಳಷ್ಟು 22110 (110 ಮಿ.ಮೀ.) ಉದ್ದದವು, ಮಿನಿ ಪಿಸಿಗಳಲ್ಲಿ ಸಾಮಾನ್ಯವಾಗಿ 2280ಕ್ಕಷ್ಟೇ (80 ಮಿ.ಮೀ.) ಜಾಗ. ಮಿರರ್‌ನ ಎರಡು ಡ್ರೈವನ್ನೂ ಒಂದೇ ಲಾಟಿನಲ್ಲಿ ತಗೋಬೇಡಿ.

ಸಿನಿಮಾ, ಫೋಟೋ, ಬ್ಯಾಕಪ್‌ಗೆ ಹಾರ್ಡ್‌ಡಿಸ್ಕೇ ಸಾಕು, ಆದ್ರೆ ಸಿಎಂಆರ್ (ಟ್ರ್ಯಾಕ್‌ಗಳು ಬೇರೆ ಬೇರೆಯಾಗಿರೋ ಬಗೆ) ನೋಡಿ ತಗೊಳ್ಳಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹಂಚು ಹೊದಿಸಿದಂಗೆ ಒಂದರ ಮೇಲೊಂದು, ಒಂದು ಕಡೆ ತಿದ್ದೋಕೆ ಪಕ್ಕದ್ದೂ ಮತ್ತೆ ಬರೀಬೇಕು, ರಿಸಿಲ್ವರ್ ಎಳೆದಾಡುತ್ತೆ. ಡಬ್ಬದ ಮೇಲಿನ 'ನಾಸ್' (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ) ಅನ್ನೋ ಪದ ನಂಬಬೇಡಿ: 2 ರಿಂದ 6 ಟಿಬಿಯ ಕೆಲವು ಡಬ್ಲ್ಯೂಡಿ ರೆಡ್‌ನಲ್ಲೂ ಎಸ್‌ಎಂಆರ್ ಇರೋದು 2020ರಲ್ಲಿ ಬಯಲಾಯ್ತು. ರೆಡ್ ಪ್ಲಸ್, ಐರನ್‌ವುಲ್ಫ್ ಸಿಎಂಆರ್.

ಇನ್ನು ಸಣ್ಣಪುಟ್ಟವು. ಒಂದೇ ನೋಡ್ (ಒಂದೇ ಪ್ರಾಕ್ಸ್‌ಮಾಕ್ಸ್ ಸರ್ವರ್) ಆದ್ರೆ ಎಚ್‌ಎ (ಒಂದು ಸರ್ವರ್ ಬಿದ್ರೆ ವಿಎಂಗಳನ್ನ ಇನ್ನೊಂದರಲ್ಲಿ ಎಬ್ಬಿಸೋ ವ್ಯವಸ್ಥೆ) ಸರ್ವೀಸ್ ಎರಡನ್ನೂ ನಿಲ್ಲಿಸಿ, ರೈಟ್ ಸ್ವಲ್ಪ ಇಳಿಯುತ್ತೆ. ಪೂಲ್ ಮಾಡುವಾಗ ಆಶಿಫ್ಟ್ 12 (4 ಕೆಬಿ ಬ್ಲಾಕ್) ಇಡಿ, ಡ್ರೈವ್ ಹೆಸರು ಬೈ-ಐಡಿ (ಬದಲಾಗದ ಹೆಸರು) ಕೊಡಿ. ವಿಎಂ ಡಿಸ್ಕ್‌ಗೆ ಡಿಸ್ಕಾರ್ಡ್ (ಅಳಿಸಿದ ಜಾಗ ವಾಪಸ್ ಬಿಡೋ ಆಯ್ಕೆ) ಟಿಕ್ ಹಾಕಿ. ಹಳೇ ರೇಡ್ ಕಾರ್ಡ್ (ಹಲವು ಡ್ರೈವನ್ನ ತಾನೇ ಒಂದಾಗಿಸಿ ತೋರಿಸೋ ಕಾರ್ಡ್) ಇದೆ ಅಂತ ಜೆಡ್‌ಎಫ್‌ಎಸ್ ಕೆಳಗೆ ತೂರಿಸಬೇಡಿ, ಡ್ರೈವ್ ನೇರವಾಗಿ ಕಾಣಲಿ. ನಿಮ್ಮ ಬೋರ್ಡ್ ಮಾಡೆಲ್ ಹಾಕ್ರಿ, ಎಂ.2 ಉಪಯೋಗಿಸಿದ್ರೆ ಯಾವ ಸಾಟಾ ಪೋರ್ಟ್ ಬಂದ್ ಆಗುತ್ತೆ ಅಂತ ನೋಡಿ ಹೇಳ್ತೀನಿ.