95 ಅಂಕದ ಗ್ರನಾಶ್‌ಗೆ ಬಣ್ಣವೇ ಇಲ್ಲವಲ್ಲ?

ಪ್ರಶ್ನೆ: ಸ್ನೇಹಿತರೊಬ್ಬರು ಆಸ್ಟ್ರೇಲಿಯಾದ ಬರೋಸಾ ಕಣಿವೆಯ, ಗ್ರನಾಶ್ ಎಂಬ ದ್ರಾಕ್ಷಿ ತಳಿಯ ಕೆಂಪು ವೈನ್ ಉಡುಗೊರೆ ಕೊಟ್ಟರು. ವಿಮರ್ಶಕರೊಬ್ಬರು ಅದಕ್ಕೆ 100ಕ್ಕೆ 95 ಅಂಕ ಕೊಟ್ಟಿದ್ದಾರಂತೆ. ಗ್ಲಾಸಿಗೆ ಬಗ್ಗಿಸಿದರೆ ಬಣ್ಣ ತೀರಾ ತಿಳಿ, ಆಚೆ ಹಿಡಿದ ಬೆರಳು ಕಾಣುತ್ತಿತ್ತು. ಕುಡಿದರೆ ಗಂಟಲು ಉರಿ. ಲೇಬಲ್ ಮೇಲೆ ಆಲ್ಕೋಹಾಲ್ 15% ಎಂದಿದೆ. ವೈನ್ ಕೆಟ್ಟಿತ್ತೇ, ಅಂಕವೇ ಸುಳ್ಳೇ?

ಉತ್ತರ: ಎರಡೂ ಅಲ್ಲ ಅನಿಸುತ್ತದೆ. ನನ್ನ ಅನುಮಾನ ನೀವು ಕುಡಿದ ಕೋಣೆಯ ಸೆಕೆಯ ಮೇಲೆ.

ಮೊದಲು ಬಣ್ಣದ ಮಾತು. ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಗ್ರನಾಶ್ ಹಣ್ಣಿನ ಸಿಪ್ಪೆ ತೆಳು, ಬಣ್ಣವೂ ಕಡಿಮೆ. ಕಡುಗಪ್ಪಾಗಿದ್ದರೇ ಒಳ್ಳೆಯ ವೈನ್ ಎಂಬ ನಂಬಿಕೆ ಶಿರಾಜ್ ಎಂಬ ಕಡುಬಣ್ಣದ ದ್ರಾಕ್ಷಿಯ ವೈನ್ ಕುಡಿದು ರೂಢಿಯಾದವರದು. ಫ್ರಾನ್ಸಿನ ಶಾತೊನಫ್-ದು-ಪಾಪ್ ಎಂಬ ವೈನ್ ಸೀಮೆಯಲ್ಲಿ ಬರೀ ಗ್ರನಾಶ್‌ನಿಂದ ಕೆಂಪು ವೈನ್ ಮಾಡುವ ಶಾತೊ ರಯಾಸ್ ಎಂಬ ತೋಟವಿದೆ. ಜಗತ್ತಿನ ದೊಡ್ಡ ವೈನ್‌ಗಳ ಸಾಲಿನಲ್ಲಿ ಅದರ ಹೆಸರಿದೆ, ಬಣ್ಣ ಮಾತ್ರ ತಿಳಿಯೇ. ಆದರೆ ಅಂಚು ಕಂದಾಗಿ, ಹಳೇ ಅಕ್ರೋಟಿನ ಅಥವಾ ವಿನೆಗರಿನ ವಾಸನೆ ಬಂದಿದ್ದರೆ ಮಾತು ಬೇರೆ. ಗ್ರನಾಶ್ ಗಾಳಿಗೆ ಬೇಗ ಸೋಲುವ ಜಾತಿ. ಅದಕ್ಕೇ ಎಷ್ಟೋ ತಯಾರಕರು ಅದನ್ನು ಸಣ್ಣ ಹೊಸ ಪೀಪಾಯಿಗೆ ಹಾಕದೆ ಸಿಮೆಂಟಿನ ತೊಟ್ಟಿಯಲ್ಲೋ ದೊಡ್ಡ ಹಳೇ ಪೀಪಾಯಿಯಲ್ಲೋ ಇಡುತ್ತಾರೆ.

ಇನ್ನು ಉರಿ. ಗ್ರನಾಶ್ ತಡವಾಗಿ ಮಾಗುವ ಹಣ್ಣು, ಚೆನ್ನಾಗಿ ಮಾಗಲು ಬಿಸಿಲು ಬೇಕೇ ಬೇಕು. ಕಾಯುತ್ತಾ ಕೂತಷ್ಟು ದಿನವೂ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗು ಬಂದು ಮಾರ್ಪಟ್ಟರೆ 1% ಆಲ್ಕೋಹಾಲ್. ನಿಮ್ಮ 15%ಕ್ಕೆ 250 ಗ್ರಾಂಗೂ ಹೆಚ್ಚು ಸಕ್ಕರೆ ಬೇಕಾಗಿತ್ತು ಎಂದು ಲೆಕ್ಕ ಹಾಕಿ! ಬರೋಸಾದಂಥ ಬಿಸಿಲು ನಾಡಿನಲ್ಲಿ ಇದೇನೂ ಅಪರೂಪವಲ್ಲ. ಆದರೆ ವೈನ್ 25 ಡಿಗ್ರಿಗೆ ಬಂದರೆ ಆಲ್ಕೋಹಾಲ್ ಮೊದಲು ಮೂಗಿಗೆ ಹತ್ತುತ್ತದೆ. ಸ್ಟ್ರಾಬೆರಿ, ಬಿಳಿ ಮೆಣಸು, ಕಿತ್ತಳೆ ಸಿಪ್ಪೆಯ ಪರಿಮಳ ಅದರ ಹಿಂದೆ ಅಡಗಿಬಿಡುತ್ತದೆ. ‘ರೂಮ್ ಟೆಂಪರೇಚರ್’ ಎಂಬ ಹಳೇ ಉಪದೇಶ ಹುಟ್ಟಿದ್ದು ಯುರೋಪಿನ ಚಳಿ ಮನೆಗಳಲ್ಲಿ. ಮುಂದಿನ ಸಲ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ತಂಪು ಮಾಡಿ, 15–16 ಡಿಗ್ರಿಯಲ್ಲಿ, ಊಟದ ಜೊತೆ ಕುಡಿದು ನೋಡಿ.

ಅಂಕದ ಬಗ್ಗೆ ಹೇಳುವುದಾದರೆ, ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯಗೊಳಿಸಿದ ಈ 100ರ ಅಳತೆ ಶುರುವಾಗುವುದೇ 50ರಿಂದ. ಅಲ್ಲದೆ ವಿಮರ್ಶಕರು ಒಂದೇ ಕೂರಿಕೆಯಲ್ಲಿ ಹತ್ತಾರು ವೈನ್ ಬಾಯಿಗೆ ಹಾಕಿಕೊಂಡು ಉಗುಳುತ್ತಾರೆ. ಎರಡು ಗ್ಲಾಸ್ ನುಂಗುವವರ ಗಂಟಲಿನ ಪಾಡು ಆ ಅಂಕದಲ್ಲಿ ಸೇರಿಲ್ಲ. ಇನ್ನೊಂದು ಗಮನಿಸಿ, ಅಂಕ ಸಿಕ್ಕಿದ್ದು ನಿಮ್ಮ ಬಾಟಲಿಯ ವರ್ಷದ ವೈನಿಗೇ ತಾನೇ? ಇದನ್ನು ನೋಡದೆ ಮೋಸಹೋದವರು ಬಹಳ ಮಂದಿ, ನಾನೂ ಸೇರಿ.

ಲೇಬಲ್‌ನಲ್ಲಿ ನಾನಾದರೆ ಅಂಕಕ್ಕಿಂತ ಬಳ್ಳಿಯ ವಯಸ್ಸು ಹುಡುಕುತ್ತೇನೆ. ಬರೋಸಾದವರು 2009ರಲ್ಲಿ ಬಳ್ಳಿಗಳಿಗೆ ವಯಸ್ಸಿನ ದರ್ಜೆ ಕಟ್ಟಿದರು: 35 ದಾಟಿದ್ದು ‘ಓಲ್ಡ್’, 70 ದಾಟಿದ್ದು ‘ಸರ್ವೈವರ್’, 100 ದಾಟಿದ್ದು ‘ಸೆಂಟಿನೇರಿಯನ್’, 125 ದಾಟಿದ್ದು ‘ಆನ್ಸೆಸ್ಟರ್’. ಮುದಿ ಬಳ್ಳಿ ಹಣ್ಣು ಕಡಿಮೆ ಬಿಡುತ್ತದೆ, ಬಿಟ್ಟದ್ದರಲ್ಲಿ ರುಚಿ ಗಟ್ಟಿ. 1980ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರವೇ ದುಡ್ಡು ಕೊಟ್ಟು ಇಂಥ ಎಷ್ಟೋ ಬಳ್ಳಿಗಳನ್ನು ಕೀಳಿಸಿತು. ಇವತ್ತು ಅಂಕ ಬಾಚುತ್ತಿರುವುದು ಅಂದು ಕೀಳದೆ ಉಳಿಸಿಕೊಂಡ ಹಟಮಾರಿ ರೈತರ ತೋಟಗಳು.

ಬಾಟಲಿಯಲ್ಲಿ ಇನ್ನೂ ಉಳಿದಿದ್ದರೆ ಬಿರಡೆ ಬಿಗಿದು ಫ್ರಿಜ್‌ಗಿಡಿ, ಎರಡು ದಿನದೊಳಗೆ ಮುಗಿಸಿ.