ಗೋಡೆ ಯಾಕಿಲ್ಲ ಅಂದರೆ

ಶಿವಮೊಗ್ಗದ ಓದುಗರೊಬ್ಬರು ಥಾಯ್ಲೆಂಡ್ ಪ್ರವಾಸ ಮುಗಿಸಿ ಬಂದು ನಮಗೆ ಪತ್ರ ಬರೆದಿದ್ದಾರೆ. ಅವರು ಹೋದ ಬೌದ್ಧ ಮಂದಿರದ ಅಂಗಳದಲ್ಲಿ ದೊಡ್ಡದೊಂದು ತೆರೆದ ಮಂಟಪ ಇತ್ತಂತೆ. ಬೆಳಿಗ್ಗೆ ಅಲ್ಲಿ ಜನ ಊಟ ಮಾಡುತ್ತಿದ್ದರು. ಮಧ್ಯಾಹ್ನ ಒಬ್ಬರು ಅಜ್ಜ ಮಲಗಿದ್ದರು. ಸಂಜೆ ಪಕ್ಕದ ಮಂಟಪಕ್ಕೆ ಶವಪೆಟ್ಟಿಗೆ ಬಂತು. "ಇದು ಗುಡಿಯೋ ಛತ್ರವೋ? ಪವಿತ್ರ ಜಾಗದಲ್ಲಿ ಹೀಗೆಲ್ಲ ಮಾಡಬಹುದಾ? ಒಂದು ಗೋಡೆಯಾದರೂ ಬೇಡವಾ? ನಾವೂ ಹತ್ತಿ ಕೂರಬಹುದಿತ್ತಾ?" ಎಂದು ಕೇಳಿದ್ದಾರೆ.

ನಿಮಗೆ ಕಸಿವಿಸಿ ಆದದ್ದು ಸಹಜ. ಆದರೆ ನೀವು ನೋಡಿದ್ದು ಅಗೌರವ ಅಲ್ಲ. ಆ ಮಂಟಪ ಇರುವುದೇ ಅದಕ್ಕೆ.

ಅದರ ಹೆಸರು ಸಾಲಾ. ನಮ್ಮ ಪಾಠಶಾಲೆ, ಧರ್ಮಶಾಲೆಯಲ್ಲಿರುವ ಶಾಲೆಯೇ ಅದು. ಥಾಯ್ ಜನ ಬರೆಯುವಾಗ ಇವತ್ತಿಗೂ 'ಶ' ಅಕ್ಷರವನ್ನೇ ಬರೆಯುತ್ತಾರೆ, ಓದುವಾಗ ಅದು 'ಸ' ಆಗುತ್ತದೆ. ಅಲ್ಲಿನ ಮಂದಿರಕ್ಕೆ ವಾಟ್ ಅನ್ನುತ್ತಾರೆ. ವಾಟ್ ಅಂದರೆ ಒಂದೇ ಕಟ್ಟಡ ಅಲ್ಲ, ಒಂದು ಆವರಣ. ಅದರಲ್ಲಿ ಉಬೋಸೊತ್ ಎಂಬ ಕಟ್ಟಡಕ್ಕೆ ಕಟ್ಟುನಿಟ್ಟು ಜಾಸ್ತಿ. ಸುತ್ತಲೂ ಎಂಟು ದಿಕ್ಕಿಗೆ ಸೀಮೆಕಲ್ಲು ನೆಟ್ಟಿರುತ್ತಾರೆ. ಭಿಕ್ಷು ದೀಕ್ಷೆ ಆ ಸೀಮೆಯ ಒಳಗೇ ನಡೆಯಬೇಕು. ಸಾಲಾಕ್ಕೆ ಅಂಥ ಸೀಮೆ ಇಲ್ಲ. ಅದು ಊರಿನವರ ಜಾಗ.

ತಿಂಗಳಿಗೆ ನಾಲ್ಕು ಸಲ ಬರುವ 'ವಾನ್ ಫ್ರಾ' ದಿನ ಅದನ್ನು ನೋಡಬೇಕು. ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ. ನಮಗೂ ಗೊತ್ತಿರುವ ತಿಥಿಗಳೇ, ಅಲ್ವಾ? ಬೆಳಿಗ್ಗೆಯೇ ಹೆಂಗಸರು ಡಬ್ಬಿಗಳಲ್ಲಿ ಅಡುಗೆ ತರುತ್ತಾರೆ. ಒಂದು ಪಕ್ಕದ ಎತ್ತರದ ಜಗಲಿಯಲ್ಲಿ ಭಿಕ್ಷುಗಳು, ಕೆಳಗೆ ಚಾಪೆಯ ಮೇಲೆ ಊರವರು. ಭಿಕ್ಷುಗಳು ಪಠಿಸುವಾಗ ಜನ ಸಣ್ಣ ತಂಬಿಗೆಯಿಂದ ಬಟ್ಟಲಿಗೆ ನೀರು ಬಿಡುತ್ತಾರೆ. ಮಾಡಿದ ಪುಣ್ಯ ತೀರಿಕೊಂಡ ಹಿರಿಯರಿಗೂ ತಲುಪಲಿ ಅಂತ. ಭಿಕ್ಷುಗಳ ಊಟ ಆದಮೇಲೆ ಉಳಿದದ್ದನ್ನು ಎಲ್ಲರೂ ಕೂತು ಉಣ್ಣುತ್ತಾರೆ. ನೀವು ನೋಡಿದ ಊಟ ಇದೇ ಇರಬೇಕು. ಮಳೆಗಾಲದ ವ್ರತದ ಮೂರು ತಿಂಗಳಲ್ಲಿ ಎಷ್ಟೋ ಹಿರಿಯರು ವಾನ್ ಫ್ರಾ ದಿನ ಬಿಳಿ ಬಟ್ಟೆ ಉಟ್ಟು, ಎಂಟು ಶೀಲಗಳನ್ನು, ಅಂದರೆ ನಡತೆಯ ನಿಯಮಗಳನ್ನು ಹಿಡಿದು, ರಾತ್ರಿ ಸಾಲಾದಲ್ಲೇ ಮಲಗುತ್ತಾರೆ.

ಶವಪೆಟ್ಟಿಗೆ ಇದ್ದದ್ದು ಸಾವಿನ ಪಠಣಕ್ಕೆಂದೇ ಇರುವ ಸಾಲಾದಲ್ಲಿ. ಮೂರು, ಐದು ಅಥವಾ ಏಳು ಸಂಜೆ, ಸಾಮಾನ್ಯವಾಗಿ ನಾಲ್ವರು ಭಿಕ್ಷುಗಳು ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದು ಅಭಿಧಮ್ಮ ಎಂಬ ಬೌದ್ಧ ತತ್ವದ ಗ್ರಂಥವನ್ನು ಪಠಿಸುತ್ತಾರೆ. ನೆಂಟರು, ನೆರೆಯವರು ಬಂದು ಕೂರುತ್ತಾರೆ. ಸತ್ತವರ ಮನೆಯವರು ಆ ರಾತ್ರಿಗಳನ್ನು ಒಬ್ಬರೇ ಕಳೆಯಬೇಕಾಗಿಲ್ಲ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಇನ್ನು ಗೋಡೆಯ ಮಾತು. ಸೆಕೆಯ ದೇಶ, ಗಾಳಿ ಆಡಬೇಕು. ಸೂರು ಕಡಿದಾಗಿ, ಅಂಚು ಮುಂದಕ್ಕೆ ಚಾಚಿದ್ದರೆ ಜೋರು ಮಳೆಯೂ ಒಳಗೆ ಬರುವುದಿಲ್ಲ. ಇದು ಒಂದು ಕಾರಣ. ಇನ್ನೊಂದನ್ನು ಹೇಳಲು ನಿಮಗೆ ಒಂದು ಜಾತಕ ಕಥೆ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆ ಹೇಳಬೇಕು.

ಮಗಧದ ಹಳ್ಳಿಯಲ್ಲಿ ಮಘ ಎಂಬ ಯುವಕನಿದ್ದ. ಗೆಳೆಯರನ್ನು ಕಟ್ಟಿಕೊಂಡು ರಸ್ತೆ ಸರಿ ಮಾಡಿದ. ಆಮೇಲೆ ನಾಲ್ಕು ದಾರಿ ಕೂಡುವಲ್ಲಿ ದಾರಿಹೋಕರು ತಂಗಲು ಒಂದು ಶಾಲೆ ಕಟ್ಟಲು ಹೊರಟ. ಈ ಪುಣ್ಯದಲ್ಲಿ ಹೆಂಗಸರಿಗೆ ಪಾಲಿಲ್ಲ ಎಂದರು ಗೆಳೆಯರು. ಅವನ ಮನೆಯ ಸುಧಮ್ಮಾ ಬಡಗಿಯ ಜೊತೆ ಮಾತಾಡಿ, ಒಣಗಿದ ಮರದಲ್ಲಿ ಸೂರಿನ ಕಳಶ ಮಾಡಿಸಿ ಇಟ್ಟುಕೊಂಡಳು. ಸೂರು ಮುಗಿಯುವ ಹೊತ್ತಿಗೆ ಬಡಗಿ, ಕಳಶಕ್ಕೆ ಹಸಿ ಮರ ಆಗುವುದಿಲ್ಲ ಅಂದ. ಹುಡುಕಿದರೆ ಸಿಕ್ಕಿದ್ದು ಅವಳ ಬಳಿ ಮಾತ್ರ. ದುಡ್ಡಿಗೆ ಕೊಡಲಿಲ್ಲ. ಪಾಲು ಕೇಳಿದಳು, ಪಡೆದಳು. ಮುಂದಿನ ಜನ್ಮದಲ್ಲಿ ಮಘ ಇಂದ್ರನಾದ. ದೇವಲೋಕದ ಸಭೆಗೆ ಬಂದ ಹೆಸರು ಅವಳದ್ದು. ನಮ್ಮ ಪುರಾಣಗಳಲ್ಲೂ ಇಂದ್ರನ ಸಭೆಯ ಹೆಸರು ಸುಧರ್ಮ!

ಯಾರೋ ಗೊತ್ತಿಲ್ಲದವರಿಗೆ ನೆರಳು ಮಾಡಿಕೊಟ್ಟರೆ ಅದೇ ಪುಣ್ಯ ಅಂತ ಈ ಕಥೆ ನಂಬಿದೆ. ಹಾಗಿರುವಾಗ ಗೋಡೆ, ಬಾಗಿಲು, ಬೀಗ ಯಾಕೆ? ಥಾಯ್ಲೆಂಡಿನ ರಸ್ತೆ ಬದಿಯಲ್ಲಿ, ದೋಣಿ ಕಟ್ಟೆಗಳಲ್ಲಿ ನೀವು ಕಂಡ ಪುಟ್ಟ ಸಾಲಾಗಳಲ್ಲಿ ಎಷ್ಟೋ ಹೀಗೆ ಕಟ್ಟಿಸಿದವು. ತೀರಿಕೊಂಡ ಅಪ್ಪ ಅಮ್ಮನ ಹೆಸರಿನಲ್ಲಿ ಮಕ್ಕಳು ಕಟ್ಟಿಸುತ್ತಾರೆ. ದಾನಿಗಳ ಹೆಸರನ್ನು ಅಲ್ಲೇ ಬರೆಸುತ್ತಾರೆ. ನಮ್ಮ ಕಡೆ ಅರವಟ್ಟಿಗೆ ಇಡಿಸುತ್ತಿದ್ದ ಮನಸ್ಸೇ ಇದು.

ಇದು ಇತ್ತೀಚಿನ ರೂಢಿಯೂ ಅಲ್ಲ. ಥಾಯ್ ಜನರ ಹಳೆಯ ರಾಜ್ಯವಾದ ಸುಖೋಥಾಯ್‌ನ ರಾಜ ರಾಮ್‌ಖಮ್‌ಹೇಂಗನ ಹೆಸರಿನ ಶಾಸನ ಶಕವರ್ಷ 1214 ಎನ್ನುತ್ತದೆ, ಅಂದರೆ ಕ್ರಿ.ಶ. 1292. ತಾಳೆ ತೋಪಿನಲ್ಲಿ ಒಂದು ಕಲ್ಲಿನ ಪೀಠ, ವ್ರತದ ದಿನಗಳಲ್ಲಿ ಅದರ ಮೇಲೆ ಕೂತು ಹಿರಿಯ ಭಿಕ್ಷುಗಳು ಜನರಿಗೆ ಧರ್ಮ ಹೇಳುತ್ತಿದ್ದರು, ಆ ತೋಪಿನಲ್ಲಿ ಎರಡು ಸಾಲಾ ಇದ್ದವು ಎಂದು ಅದರಲ್ಲಿದೆ. ಒಂದರ ಹೆಸರು ಬುದ್ಧಶಾಲೆ.

ಬ್ಯಾಂಕಾಕಿನ ವಾಟ್ ಫೋ ನೋಡಿದ್ದೀರಿ ಎಂದು ಬರೆದಿದ್ದೀರಿ. ಅಲ್ಲಿ ಜನ ಮಲಗಿದ ಬುದ್ಧನನ್ನು ನೋಡಿ ಹೊರಟುಬಿಡುತ್ತಾರೆ. ಸಾಲಾಗಳ ಕಡೆ ಹೋಗುವವರು ಕಡಿಮೆ. ಮೂರನೇ ರಾಮ ಎಂದು ಕರೆಯುವ ರಾಜ 1830ರ ದಶಕದಲ್ಲಿ ಔಷಧಿ, ನಾಡಿ, ಮೈ ನೀವುವ ವಿದ್ಯೆ, ಕಾವ್ಯ ಎಲ್ಲವನ್ನೂ ಕಲ್ಲಿನಲ್ಲಿ ಬರೆಸಿ ಆ ಆವರಣದಲ್ಲಿ ಹಾಕಿಸಿದ. ಮನೆತನಗಳ ಒಳಗೆ ಉಳಿದಿದ್ದ ವಿದ್ಯೆ ಹೀಗೆ ನೆರಳಿಗೆ ಬಂದವರ ಕಣ್ಣಿಗೂ ಬಿತ್ತು. ಆ ಬರಹಗಳು 2011ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿವೆ.

ನಿಮ್ಮ ಕೊನೆಯ ಪ್ರಶ್ನೆಗೆ: ಖಂಡಿತ ಕೂರಬಹುದಿತ್ತು. ಮುಂದಿನ ಸಲ ಚಪ್ಪಲಿ ಬಿಟ್ಟು ಹತ್ತಿ. ಭಿಕ್ಷುಗಳ ಜಗಲಿ ಮೇಲೆ ಕೂರಬೇಡಿ, ಬುದ್ಧನ ಕಡೆಗೋ ಭಿಕ್ಷುಗಳ ಕಡೆಗೋ ಕಾಲು ಚಾಚಬೇಡಿ. ಬೆಳಿಗ್ಗೆ ಹೋದರೆ ಯಾರಾದರೂ "ಕಿನ್ ಖಾವ್" ಅನ್ನಬಹುದು. ಅನ್ನ ಉಣ್ಣಿ ಅಂತ ಅರ್ಥ. ಮೀನು ಮಾಂಸ ತಿನ್ನದವರಾದರೆ "ಕಿನ್ ಜೇ" ಅಂತ ಮೊದಲೇ ಹೇಳಿಬಿಡಿ.

— ಸಂಪಾದಕ