ಆ ಹಣ್ಣುನೊಣ ಬೇರೆ, ಈ ನೊರಜು ಬೇರೆ

(ಹಣ್ಣುನೊಣದ ಮಿದುಳಿನ ಪೂರ್ಣ ನಕ್ಷೆ ಸಿದ್ಧವಾದ ಬಗೆಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶ್ರೀನಿವಾಸಪುರದ ಮಾವು ಬೆಳೆಗಾರರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ವರ್ಷವೂ ತಮ್ಮ ತೋಟದ ಹಣ್ಣಿಗೆ ಹುಳ ಬೀಳಿಸುವ ನೊಣವನ್ನು ನಿವಾರಿಸುವ ದಾರಿ ಹುಡುಕುವುದು ಬಿಟ್ಟು ವಿಜ್ಞಾನಿಗಳು ಅದರ ಮಿದುಳನ್ನು ಬಿಡಿಸಿ ನೋಡುತ್ತ ಕುಳಿತಿರುವುದೇಕೆ? ಅಷ್ಟು ಚಿಕ್ಕ ತಲೆಯಲ್ಲಿ ಮನುಷ್ಯನಿಗೆ ಸಂಬಂಧಿಸಿದ್ದು ಏನಿದ್ದೀತು? ನಕ್ಷೆ ಪೂರ್ಣವಾಯಿತೆಂದ ಮೇಲೆ ಮುಂದಿನ ಸಂಶೋಧನೆ ಯಾವುದಕ್ಕೆ? ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ.)

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಿಮ್ಮ ತೋಟಕ್ಕೆ ಬರುವ ನೊಣ ಮತ್ತು ಲೇಖನದಲ್ಲಿ ಹೇಳಿದ ನೊಣ ಎರಡೂ ಒಂದೇ ಅಲ್ಲ. ಮಾವಿನ ಕಾಯಿ ಬಲಿಯುವ ಹೊತ್ತಿಗೆ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವುದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಅದು ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು. ಪ್ರಯೋಗಾಲಯದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಳ್ಳಿನ ಕಾಳಿನಷ್ಟೇ ಇರುವ, ಮಾಗಿ ಕಪ್ಪಾದ ಬಾಳೆಹಣ್ಣಿನ ಮೇಲೋ ಬಿಡಿಸಿಟ್ಟು ಮರೆತ ಹಲಸಿನ ತೊಳೆಯ ಮೇಲೋ ಸುಳಿದಾಡುವ ನೊರಜು. ಗಟ್ಟಿಯಾದ ಕಾಯಿಯ ಸಿಪ್ಪೆಯನ್ನು ಚುಚ್ಚುವ ಶಕ್ತಿ ಅದಕ್ಕಿಲ್ಲ; ಹುಳಿತ ತಿರುಳು, ಅದರಲ್ಲಿ ಬೆಳೆದ ಯೀಸ್ಟ್, ಇವೇ ಅದರ ಅನ್ನ. ಕೃಷಿ ಪುಸ್ತಕಗಳೂ ಜೀವವಿಜ್ಞಾನದ ಪುಸ್ತಕಗಳೂ ಎರಡನ್ನೂ ‘ಹಣ್ಣುನೊಣ’ವೆಂದೇ ಕರೆಯುವುದರಿಂದ ಈ ಗೊಂದಲ ಹುಟ್ಟಿದೆ, ನಾವು ಅದನ್ನು ಗಮನಿಸದೆ ಬೆಳೆಸಿದ್ದೇವೆ. ಮನೆಮಾತಿನಲ್ಲಿರುವ ‘ನೊರಜು’ ಎಂಬ ಪದವನ್ನು ಮೊದಲೇ ಬಳಸಿದ್ದರೆ ನಿಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆದರೂ ನಿಮ್ಮ ಪ್ರಶ್ನೆಗಳು ಹೆಸರಿನ ಗೊಂದಲ ತೀರಿದೊಡನೆ ತೀರುವಂಥವಲ್ಲ. ನೊರಜಿಗೆ ವಿಜ್ಞಾನದಲ್ಲಿ ಇಷ್ಟೊಂದು ಮರ್ಯಾದೆ ದೊರೆತದ್ದು ಅದರ ಯೋಗ್ಯತೆಯಿಂದಲ್ಲ, ಅದನ್ನು ಪ್ರಶ್ನಿಸಿದರೆ ಉತ್ತರ ಬೇಗ ಸಿಗುತ್ತದೆಂಬ ಕಾರಣದಿಂದ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ ಅಗರ್ ಎಂಬ ಕಡಲಪಾಚಿಯ ಅಂಟು ಹಾಕಿ ಹೆಪ್ಪುಗಟ್ಟಿಸಿದ ಬಾಟಲಿಯೊಂದರಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಹತ್ತು ದಿನಕ್ಕೊಂದು ತಲೆಮಾರು ಎದ್ದು ಬರುತ್ತದೆ. ಒಂದು ಜೀನನ್ನು ಕೆಡಿಸಿ, ಯಾವ ನಡವಳಿಕೆ ಕೆಟ್ಟಿತೆಂದು ಸಾವಿರಾರು ನೊಣಗಳಲ್ಲಿ ಹುಡುಕಬಹುದು. ಅಮೆರಿಕದ ಕ್ಯಾಲ್ಟೆಕ್‌ನ ಸೀಮೋರ್ ಬೆಂಜರ್ ಭೌತವಿಜ್ಞಾನದಿಂದ ಬಂದವರು; 1960ರ ದಶಕದಲ್ಲಿ ಈ ದಾರಿ ಹಿಡಿದರು. 1971ರಲ್ಲಿ ಅವರೂ ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕಾ ಅವರೂ ಪ್ರಕಟಿಸಿದ ಮೂರು ತಳಿಗಳಲ್ಲಿ ಒಂದರ ಒಳಗಡಿಯಾರದ ದಿನ 19 ಗಂಟೆಯದು, ಇನ್ನೊಂದರದು 28 ಗಂಟೆಯದು, ಮತ್ತೊಂದಕ್ಕೆ ಹೊತ್ತುಗೊತ್ತೇ ಇರಲಿಲ್ಲ. ಮೂರರಲ್ಲೂ ಕೆಟ್ಟದ್ದು ಒಂದೇ ಜೀನ್. ಅದೇ ಎಳೆಯನ್ನು ಹಿಡಿದು ಮುಂದೆ ಹೋದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ನಿಮ್ಮ ದೇಹದ ಗಡಿಯಾರದಲ್ಲೂ ಆ ಜೀನಿನ ನಂಟರೇ ಕೆಲಸ ಮಾಡುತ್ತಿದ್ದಾರೆ.

ಮಿಕ್ಕದ್ದನ್ನು ನಮಗೆ ಹತ್ತಿರದ ಉದಾಹರಣೆಯಿಂದ ಹೇಳುವುದು ಮೇಲು. ಬೆಂಜರ್ ಅವರೊಂದಿಗೆ ದುಡಿದು ಬಂದ ಒಬೈದ್ ಸಿದ್ದಿಕಿಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನೊರಜಿನ ರುಚಿ ಮತ್ತು ವಾಸನೆಯ ಅಧ್ಯಯನ ಆರಂಭಿಸಿದರು. ಮುಂದೆ ಅವರೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದರು. ಕೃಷಿ ಮೇಳಕ್ಕೆ ನೀವು ಹೋಗಿಬರುವ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲೇ ಆ ಕೇಂದ್ರವಿದೆ. ಕೆನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದುತ್ತಿದ್ದ ವೆರೋನಿಕಾ ರೋಡ್ರಿಗಸ್ ಎಂಬ ವಿದ್ಯಾರ್ಥಿನಿ ಸಿದ್ದಿಕಿಯವರ ಪ್ರಬಂಧವೊಂದನ್ನು ಓದಿ, ಪತ್ರ ಬರೆದು, ಅವರ ಬಳಿ ಪಿಎಚ್‌.ಡಿ. ಮಾಡಲು ಮುಂಬಯಿಗೆ ಬಂದರು. ಪತ್ರ ಬರೆಯುವವರ ಮೇಲೆ ನಮಗೆ ಗೌರವವಿರುವುದಕ್ಕೆ ಇಂಥವರೂ ಒಂದು ಕಾರಣ.

ನೊಣಕ್ಕೆ ರುಚಿ ತಿಳಿಯುತ್ತದೆಯೇ ಎಂದು ಕೇಳುವುದು ಹೇಗೆ? ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಒಂದು ಉಪಾಯ ಇದು. ತಟ್ಟೆಯಲ್ಲಿ ಎರಡು ಬಗೆಯ ಅಗರ್ ಇಟ್ಟು, ಒಂದಕ್ಕೆ ಸಕ್ಕರೆಯ ಜೊತೆ ತಿನ್ನುವ ಕೆಂಪು ಬಣ್ಣ ಬೆರೆಸಿ, ಹಸಿದ ನೊಣಗಳನ್ನು ಕತ್ತಲಲ್ಲಿ ಬಿಡುತ್ತಾರೆ. ಒಂದೆರಡು ಗಂಟೆಯ ಮೇಲೆ ಹೊಟ್ಟೆ ಕೆಂಪಾದವುಗಳನ್ನು ಎಣಿಸುತ್ತಾರೆ. ಕೆಂಪು ಅಗರಿಗೆ ಕಹಿಯಾದ ಕ್ವಿನೈನನ್ನೂ ಬೆರೆಸಿದಾಗ ಅದನ್ನು ತಿಂದು ಹೊಟ್ಟೆ ಕೆಂಪು ಮಾಡಿಕೊಂಡ ನೊಣ ಸಿಕ್ಕಿತೆಂದರೆ, ಅದರ ನಾಲಗೆಯಲ್ಲೋ ನರದಲ್ಲೋ ಏನೋ ಕೆಟ್ಟಿದೆ ಎಂದರ್ಥ. ಹೀಗೆ ರುಚಿ ತಿಳಿಯದ, ವಾಸನೆ ತಿಳಿಯದ ತಳಿಗಳನ್ನು ಹುಡುಕಿ, ಅದಕ್ಕೆ ಕಾರಣವಾದ ಜೀನ್‌ಗಳನ್ನು ಗುರುತಿಸುವ ಕೆಲಸವನ್ನು ಸಿದ್ದಿಕಿ ಮತ್ತು ರೋಡ್ರಿಗಸ್ 1970ರ ದಶಕದಲ್ಲೇ ಮಾಡಿದರು.

ಇದಕ್ಕಿಂತ ಸೊಗಸಾದದ್ದು ರೋಡ್ರಿಗಸ್ ಅವರು 1988ರಲ್ಲಿ ಪ್ರಕಟಿಸಿದ ಪ್ರಯೋಗ. ನೊರಜಿನ ಕುಡಿಮೀಸೆಯಿಂದ ಹೊರಟ ವಾಸನೆಯ ನರಗಳು ಮಿದುಳಿನ ಮುಂಭಾಗದಲ್ಲಿ ಗ್ಲೊಮೆರುಲಸ್ ಎಂಬ ಪುಟ್ಟ ಉಂಡೆಗಳಲ್ಲಿ ಬಂದು ಸೇರುತ್ತವೆ. ಅಂಥ ಉಂಡೆಗಳು ಸುಮಾರು 50 ಇವೆ. ದುಡಿಯುವ ನರಕೋಶ ಸಕ್ಕರೆಯನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಅವರು ಜೀವಕೋಶದೊಳಗೆ ಹೋಗುವ, ಆದರೆ ಅಲ್ಲಿ ಅರಗದೆ ಉಳಿಯುವ ವಿಕಿರಣಶೀಲ ಸಕ್ಕರೆಯೊಂದನ್ನು ನೊಣಕ್ಕೆ ಕೊಟ್ಟು, ವಾಸನೆ ತೋರಿಸಿ, ಅನಂತರ ಮಿದುಳನ್ನು ತೆಳುವಾಗಿ ಸೀಳಿ, ಯಾವ ಉಂಡೆಯಲ್ಲಿ ಅದು ಶೇಖರವಾಗಿದೆಯೆಂದು ನೋಡಿದರು. ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಉಂಡೆಗಳು ಎದ್ದಿದ್ದವು. ಎಂದರೆ, ಹೊರಗಿನ ವಾಸನೆ ಒಳಗೆ ಒಂದು ಜಾಗವಾಗಿ, ಒಂದು ಚಿತ್ತಾರವಾಗಿ ಬದಲಾಗುತ್ತದೆ. ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳ ಜೀನ್‌ಗಳನ್ನು ಅಮೆರಿಕದ ವಿಜ್ಞಾನಿಗಳಾದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇಲಿಗಳಲ್ಲಿ ಗುರುತಿಸಿದ್ದು ಮೂರು ವರ್ಷಗಳ ಮೇಲೆ, 1991ರಲ್ಲಿ; ಆ ಕೆಲಸಕ್ಕೆ 2004ರಲ್ಲಿ ನೊಬೆಲ್ ದೊರೆಯಿತು. ಒಂದೇ ಬಗೆಯ ಗ್ರಾಹಕವುಳ್ಳ ನರಗಳೆಲ್ಲ ಒಂದೇ ಉಂಡೆಗೆ ಬಂದು ಕೂಡುವ ಈ ಏರ್ಪಾಡು ಇಲಿಯಲ್ಲಿಯೂ ಇದೆ, ನೊರಜಿನಲ್ಲಿಯೂ ಇದೆ. ಮನುಷ್ಯನ ಮೂಗಿನ ಹಿಂದೆಯೂ ಅಂಥವೇ ಉಂಡೆಗಳಿವೆ. ನಿಮ್ಮ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ ಇದೇ.

ಇನ್ನು ನಕ್ಷೆ. 2024ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ, ಸೆಬಾಸ್ಟಿಯನ್ ಸಂಗ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ನಕ್ಷೆಯಲ್ಲಿ 1,39,255 ನರಕೋಶಗಳೂ ಅವು ಒಂದಕ್ಕೊಂದು ಸುದ್ದಿ ದಾಟಿಸುವ, ಸಿನಾಪ್ಸ್ ಎಂಬ ಐದು ಕೋಟಿಗೂ ಮೀರಿದ ಕೂಡುತಾಣಗಳೂ ಇವೆ. ಇವೆಲ್ಲ ಗಸಗಸೆ ಕಾಳಿನಷ್ಟು ಜಾಗದಲ್ಲಿ. ಏಳು ಸಾವಿರದಷ್ಟು ಸೀಳುಗಳಾಗಿ ಕತ್ತರಿಸಿದ ಒಂದೇ ಒಂದು ಹೆಣ್ಣು ನೊಣದ ಮಿದುಳು ಅದು. ಇಲ್ಲಿ ನಿಮ್ಮ ಸಂದೇಹ ನಮಗೂ ಸರಿಯೆನಿಸುತ್ತದೆ: ‘ಪೂರ್ಣ’ ಎಂಬ ನಮ್ಮ ಶೀರ್ಷಿಕೆಯ ಮಾತು ಓದುಗರನ್ನು ದಾರಿ ತಪ್ಪಿಸಿರಬಹುದು. ನಿಮ್ಮೂರಿನ ವಿದ್ಯುತ್ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ನಕ್ಷೆ ಕೈಯಲ್ಲಿದ್ದ ಮಾತ್ರಕ್ಕೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ತಿಳಿಯುವುದಿಲ್ಲವಲ್ಲ, ಹಾಗೆ. ಅಗರಬತ್ತಿ ಹೊಸೆಯುವ ಮನೆಯವರಿಗೆ ಅಗರಬತ್ತಿಯ ಪರಿಮಳ ತಿಳಿಯುವುದಿಲ್ಲ. ನೊರಜನ್ನೂ ನಾಲ್ಕು ದಿನ ಒಂದೇ ವಾಸನೆಯಲ್ಲಿಟ್ಟರೆ ಅದು ಆ ವಾಸನೆಗೆ ಮೊದಲಿನಂತೆ ಪ್ರತಿಕ್ರಿಯಿಸುವುದಿಲ್ಲ, ಬೇರೆ ವಾಸನೆಗೆ ಪ್ರತಿಕ್ರಿಯಿಸುತ್ತದೆ. ಏಕೆಂದರೆ ಆ ವಾಸನೆಗೆ ಸಂಬಂಧಿಸಿದ ಉಂಡೆಯಲ್ಲಿ, ಸುದ್ದಿಯನ್ನು ಮುಂದಕ್ಕೆ ಒಯ್ಯುವ ನರಗಳನ್ನು ತಡೆಯುವ ನರಗಳ ಹಿಡಿತ ಬಿಗಿಯಾಗಿರುತ್ತದೆ. ಇದನ್ನು ತೋರಿಸಿದ 2011ರ ಪ್ರಬಂಧದಲ್ಲಿ ರೋಡ್ರಿಗಸ್ ಅವರ ಹೆಸರೂ ಇದೆ. ಅವರು 2010ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಬದುಕಿರುವ ನೊಣದಲ್ಲಿ ನಾಲ್ಕು ದಿನಗಳಲ್ಲಿ ಆಗುವ ಇಂಥ ಬದಲಾವಣೆಯನ್ನು ಸತ್ತ ಒಂದು ನೊಣದ ನಕ್ಷೆಯಲ್ಲಿ ನೇರವಾಗಿ ಓದಲಾಗದು. ಯಾವ ತಂತಿಯನ್ನು ಪರೀಕ್ಷಿಸಬೇಕೆಂದು ನಕ್ಷೆ ಹೇಳುತ್ತದೆ, ಪರೀಕ್ಷೆಯನ್ನು ಮಾಡಲೇಬೇಕು.

ಕೊನೆಗೆ ನಿಮ್ಮ ತೋಟ. ನೀವು ಕಟ್ಟುವ ಮೋಹಕ ಬಲೆಯಲ್ಲಿರುವುದು ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ರಾಸಾಯನಿಕ. ಬಿಹಾರದ ಪೂಸಾದಲ್ಲಿದ್ದ ಎಫ್. ಎಂ. ಹೌಲೆಟ್ ಎಂಬ ಕೀಟವಿಜ್ಞಾನಿ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿ, ಮುತ್ತುವವೆಲ್ಲ ಗಂಡುಗಳೇ ಏಕೆಂದು ಬೆನ್ನುಹತ್ತಿದ್ದರಿಂದ ಅವನ್ನು ಸೆಳೆಯುವ ಈ ವಸ್ತು ತಿಳಿದುಬಂತು. ಬಲೆಗೆ ಬೀಳುವುದು ಇಂದಿಗೂ ಗಂಡು ಮಾತ್ರ; ಅದಾಗಲೇ ಕೂಡಿದ ಹೆಣ್ಣು ಆ ವಾಸನೆಯನ್ನು ಲೆಕ್ಕಿಸದೆ ನೇರ ಕಾಯಿಗೆ ಹೋಗುತ್ತದೆ. ಆದ್ದರಿಂದ ಕಾಯಿ ಬಲಿಯುವುದಕ್ಕೆ ಸಾಕಷ್ಟು ಮೊದಲೇ, ಸಾಧ್ಯವಾದರೆ ಅಕ್ಕಪಕ್ಕದ ತೋಟದವರೂ ಸೇರಿ ಬಲೆ ಕಟ್ಟಿರಿ. ಉದುರಿದ ಹಣ್ಣನ್ನು ಮರದಡಿ ಬಿಡಬೇಡಿರಿ, ಅದರೊಳಗಿನ ಹುಳ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ.

— ಸಂಪಾದಕ